ದೇಹ್‌ಚೋ ನದಿಗೆ ಮೆಕೆಂಜಿ ಎಂಬ ಹಚ್ಚೆ!

ಕೆನಡಾದ ಭೂಪಟ ಬಿಡಿಸಿ ನೋಡಿ. ಗ್ರೇಟ್ ಸ್ಲೇವ್ ಸರೋವರದಿಂದ ಹೊರಟು 1,738 ಕಿ.ಮೀ. ಉತ್ತರದತ್ತ ಹರಿದು ಆರ್ಕ್ಟಿಕ್ ಸಾಗರ ಸೇರುವ ಹೊಳೆಗೆ 'ಮೆಕೆಂಜಿ' ಎಂದು ಬರೆದಿದೆ. ಯಾರೀತ? ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ತುಪ್ಪಳದ ವ್ಯಾಪಾರಿ. 1789ರಲ್ಲಿ ಪೆಸಿಫಿಕ್ ಸಾಗರಕ್ಕೆ ದಾರಿ ಹುಡುಕುತ್ತ ಹೊರಟ. ಹೊಳೆ ಅವನನ್ನು ಹಿಮದ ಕಡಲಿಗೆ ಒಯ್ದು ಬಿಟ್ಟಿತು! ಬಂದದ್ದು ಒಂದೇ ಬೇಸಿಗೆ, ಹೆಸರು ಮಾತ್ರ ಅಲ್ಲೇ ಬೇರೂರಿತು. ಅವನ ಜೊತೆ ಹೋದ ಡೆನೆ ನಾಯಕನೂ ದಾಖಲೆಗಳಲ್ಲಿ 'ಇಂಗ್ಲಿಷ್ ಚೀಫ್' ಆಗಿಬಿಟ್ಟ. ಎಂಥ ವಿಪರ್ಯಾಸ!

ಅಲ್ಲಿಯವರೆಗೆ ಆ ಹೊಳೆ ಹೆಸರಿಲ್ಲದೆ ಹರಿಯುತ್ತಿತ್ತೇ? ದಡದ ಡೆನೆ ಜನರಿಗೆ ಅದು ದೇಹ್‌ಚೋ. ಕಡಲಂಚಿನ ಇನುವಿಯಾಲುಯಿತ್ ಜನರಿಗೆ ಕೂಕ್‌ಪಾಕ್. ಎರಡಕ್ಕೂ ಅರ್ಥ ಒಂದೇ, ಹಿರಿಹೊಳೆ. ಗ್ವಿಚಿನ್ ಜನರು ನಾಗ್ವಿಚೂನ್‌ಜಿಕ್ ಎನ್ನುತ್ತಾರೆ. ನಾಲಿಗೆ ತೊಡರುತ್ತದೆಯೇ? 'ಮೆಕೆಂಜಿ'ಯನ್ನೂ ನಾವು ಕಲಿತೇ ಹೇಳಿದ್ದು ತಾನೇ!

ಅಲ್ಲಿನವರು ಕೈಕಟ್ಟಿ ಕೂರಲಿಲ್ಲ. ಆರ್ಕ್ಟಿಕ್ ರೆಡ್ ರಿವರ್ ಎಂಬ ಊರು 1994ರಲ್ಲಿ ತ್ಸೀಗೆಚಿಕ್ ಆಯಿತು. ಫೋರ್ಟ್ ನಾರ್ಮನ್ 1996ರಲ್ಲಿ ತುಲಿತಾ ಆಯಿತು. ತುಲಿತಾ ಎಂದರೆ ನೀರು ಕೂಡುವ ಜಾಗ, ಅಂದರೆ ನಮ್ಮ ಕೂಡಲ! ಗ್ರೇಟ್ ಬೇರ್ ಹೊಳೆ ಬಂದು ಸೇರುವುದು ಅಲ್ಲಿಯೇ. ಕೊನೆಗೆ 2015ರಲ್ಲಿ ನಾರ್ತ್‌ವೆಸ್ಟ್ ಟೆರಿಟರೀಸ್ ಸರ್ಕಾರ ಹಿರಿಹೊಳೆಯ ಮೂಲ ಹೆಸರುಗಳಿಗೂ ಅಧಿಕೃತ ಮುದ್ರೆ ಒತ್ತಿತು.

ಆದರೆ 'ಮೆಕೆಂಜಿ' ಹೋಗಲಿಲ್ಲ. 11 ಅಧಿಕೃತ ಭಾಷೆಗಳಿರುವ, ಅವುಗಳಲ್ಲಿ 9 ಮೂಲನಿವಾಸಿಗಳವೇ ಆಗಿರುವ ನಾಡಿನ ಹೊಳೆಗೆ ಹೊರಜಗತ್ತು ಇಂದಿಗೂ ವ್ಯಾಪಾರಿಯ ಹೆಸರನ್ನೇ ಹಿಡಿದು ಕೂಗುತ್ತಿದೆ. ಊರ ಹೆಸರಿಗಾಗಿ ಬೀದಿಗಿಳಿದ ನಾಡಿನವರು ನೀವು, ನಿಮಗೆ ಇದನ್ನು ಬಿಡಿಸಿ ಹೇಳಬೇಕೇ? ಮಸಿ ಬಳಿಯುವುದೇನೂ ಬೇಡ. ನಿಮ್ಮ ತಮ್ಮ ತಂಗಿಯರ ಅಟ್ಲಾಸಿನಲ್ಲಿ 'ಮೆಕೆಂಜಿ' ಕಂಡರೆ ಪಕ್ಕದಲ್ಲಿ ಪೆನ್ನಿನಿಂದ 'ದೇಹ್‌ಚೋ' ಎಂದು ಬರೆದುಕೊಡಿ.