ಕಂತು ತಪ್ಪಿದ ಮಾತ್ರಕ್ಕೆ ಫೋನಿಗೆ ಬೀಗ ಹಾಕಕೂಡದು

ಕಂತಿನ ಸಾಲದಲ್ಲಿ ಫೋನ್ ಕೊಂಡವರು ಹಣ ಕಟ್ಟುವುದು ತಡವಾದರೆ, ಸಾಲ ಕೊಟ್ಟ ಕಂಪನಿ ತನ್ನ ಕಚೇರಿಯಲ್ಲೇ ಕುಳಿತು ಆ ಫೋನಿಗೆ ಬೀಗ ಹಾಕುವ ತಂತ್ರಜ್ಞಾನ ನಮ್ಮಲ್ಲಿಗೆ ಬಂದು ಕೆಲವು ವರ್ಷಗಳೇ ಆಗಿವೆ. 2024ರಲ್ಲಿ ರಿಸರ್ವ್ ಬ್ಯಾಂಕ್ ಈ ಪದ್ಧತಿಯನ್ನು ನಿಲ್ಲಿಸುವಂತೆ ಸಾಲ ಕೊಡುವ ಸಂಸ್ಥೆಗಳಿಗೆ ಸೂಚಿಸಿತ್ತು. ಆದರೆ ಮರುವರ್ಷದ ಸೆಪ್ಟೆಂಬರ್‌ನಲ್ಲಿ ರಾಯಿಟರ್ಸ್ ಬೇರೆಯೇ ಸುದ್ದಿ ಕೊಟ್ಟಿತು: ಗ್ರಾಹಕರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು, ಫೋನಿನೊಳಗಿನ ಖಾಸಗಿ ಮಾಹಿತಿಯನ್ನು ಮುಟ್ಟಕೂಡದು ಎಂಬ ಷರತ್ತು ವಿಧಿಸಿ ಇದಕ್ಕೆ ಮತ್ತೆ ಅನುಮತಿ ಕೊಡುವ ಆಲೋಚನೆ ರಿಸರ್ವ್ ಬ್ಯಾಂಕಿಗಿದೆ. ಅಕ್ಟೋಬರ್‌ನ ಪತ್ರಿಕಾಗೋಷ್ಠಿಯಲ್ಲಿ ಬ್ಯಾಂಕಿನ ಅಧಿಕಾರಿಗಳು, ವಿಷಯ ಪರಿಶೀಲನೆಯಲ್ಲಿದೆ, ಎರಡೂ ಕಡೆ ವಾದಗಳಿವೆ ಎಂದರು. ವಾದಗಳಿರುವುದು ನಿಜ. ಅವನ್ನೆಲ್ಲ ತೂಗಿ ನೋಡಿದ ಮೇಲೂ ಸಾಲ ವಸೂಲಿಗೆ ಫೋನನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಯಾವ ಕಂಪನಿಗೂ ಸಿಗಬಾರದು ಎಂದೇ ನಾನು ಹೇಳುತ್ತೇನೆ.

ಈ ಬೀಗದ ಮೂಲ ಇರುವುದು ಕಂಪನಿಗಳ ಆಡಳಿತದಲ್ಲಿ. ನೌಕರರಿಗೆ ಕೊಟ್ಟ ಫೋನುಗಳನ್ನು ದೂರದಿಂದಲೇ ನಿಯಂತ್ರಿಸಲು, ಕಳೆದುಹೋದರೆ ಮಾಹಿತಿ ಅಳಿಸಲು ರೂಪಿಸಿದ ವ್ಯವಸ್ಥೆ ಅದು. ಫೋನ್ ಕಂಪನಿಯದೇ ಸ್ವತ್ತಾಗಿದ್ದಾಗ ಅದರಲ್ಲಿ ತಪ್ಪೇನಿರಲಿಲ್ಲ. ಅದೇ ಉಪಾಯ ಈಗ ಸಾಲಗಾರರ ಫೋನಿಗೆ ಬಂದಿದೆ. ಸ್ಯಾಮ್‌ಸಂಗ್‌ನ ನಾಕ್ಸ್ ಗಾರ್ಡ್, ಗೂಗಲ್‌ನ ಡಿವೈಸ್ ಲಾಕ್ ಕಂಟ್ರೋಲರ್ ಇಂಥವು. ಹಲವೆಡೆ ಅಂಗಡಿಯವರೇ ಹೊಸ ಫೋನಿನ ಪೆಟ್ಟಿಗೆ ತೆರೆದು ಲಾಕ್ ಆ್ಯಪ್ ಹಾಕಿ ಕೊಡುತ್ತಾರೆ. ಸಾಮಾನ್ಯ ಆ್ಯಪ್‌ನಂತೆ ಅದನ್ನು ತೆಗೆದುಹಾಕಲು ಬರುವುದಿಲ್ಲ. ಫೋನನ್ನು ರೀಸೆಟ್ ಮಾಡಿದರೂ ಹೋಗದಂತೆ ರೂಪಿಸಿರುತ್ತಾರೆ. ಕಂತು ತಪ್ಪಿದಾಗ ಮೊದಲು ಪರದೆಯ ಮೇಲೆ ಎಚ್ಚರಿಕೆ ಬರಬಹುದು, ಆಮೇಲೆ ಕ್ಯಾಮೆರಾವೋ ಕೆಲವು ಆ್ಯಪ್‌ಗಳೋ ನಿಲ್ಲಬಹುದು, ಕೊನೆಗೆ ಇಡೀ ಫೋನೇ ಮುಚ್ಚಬಹುದು. ಗೂಗಲ್‌ನ ಆ್ಯಪ್ 2020ರಲ್ಲಿ ಸುದ್ದಿಯಾದಾಗ ಅದರ ವಿವರಣೆಯಲ್ಲೇ, ಬೀಗ ಬಿದ್ದ ಮೇಲೆ ಉಳಿಯುವುದು ಹೆಚ್ಚೂ ಕಡಿಮೆ ತುರ್ತು ಕರೆ ಮತ್ತು ಸೆಟ್ಟಿಂಗ್ಸ್ ಎಂದಿತ್ತು.

ಚಿನ್ನ ಅಡವಿಟ್ಟು ಸಾಲ ತಂದವರು ತೀರಿಸದಿದ್ದರೆ ಬ್ಯಾಂಕು ಅದನ್ನು ಹರಾಜು ಹಾಕಿ ತನ್ನ ಹಣ ಪಡೆಯುತ್ತದೆ. ಸಾಲಕ್ಕೆ ಆಧಾರವೆಂದರೆ ಅದು: ವಸ್ತುವಿಗೊಂದು ಬೆಲೆಯಿದೆ, ಆ ಬೆಲೆ ಸಾಲ ಕೊಟ್ಟವರಿಗೆ ಸಲ್ಲುತ್ತದೆ. ಬೀಗ ಬಿದ್ದ ಫೋನಿನಿಂದ ಕಂಪನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಅದು ಸಾಲಗಾರರ ಜೇಬಿನಲ್ಲೇ ನಿರುಪಯೋಗಿಯಾಗಿ ಬಿದ್ದಿರುತ್ತದೆ. ಕಂಪನಿಗೆ ಸಿಗುವುದು ವಸ್ತುವಿನ ಬೆಲೆಯಲ್ಲ, ಸಾಲಗಾರರ ಸಂಕಟ. ಆ ಸಂಕಟ ತಾಳಲಾರದೆ ಅವರು ಎಲ್ಲಿಂದಲಾದರೂ ಹಣ ತಂದು ಕಟ್ಟಲಿ ಎಂಬುದೇ ಲೆಕ್ಕಾಚಾರ. ಎಲ್ಲಿಂದ ತರುತ್ತಾರೆ? ಆಹಾರ ತಲುಪಿಸುವ ಹುಡುಗನಿಗೆ ಆರ್ಡರ್ ಬರುವುದು ಫೋನಿಗೆ, ಆಟೊ ಚಾಲಕನಿಗೆ ಬಾಡಿಗೆ ಬರುವುದೂ ಫೋನಿಗೆ. ತರಕಾರಿ ಗಾಡಿಯವರು ಯುಪಿಐ ಹಣ ಬಂತೇ ಎಂದು ನೋಡಿಕೊಳ್ಳುವುದು ಅದರಲ್ಲೇ. ಕರ್ನಾಟಕದಲ್ಲಿ ರೈತರು ತಮ್ಮ ಹೊಲದ ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆ ಆ್ಯಪ್‌ಗೆ ಏರಿಸುವುದೂ ಅದರಿಂದಲೇ. ಆಧಾರ್ ಒಟಿಪಿ, ಬ್ಯಾಂಕಿನ ಸಂದೇಶ, ಮಕ್ಕಳ ಶಾಲೆಯ ಸೂಚನೆ ಎಲ್ಲವೂ ಅಲ್ಲಿಗೇ ಬರುತ್ತವೆ. ಇಂಥವರ ಫೋನ್ ಮುಚ್ಚಿದರೆ ಸಂಪಾದನೆಯ ದಾರಿಯೂ ಮುಚ್ಚುತ್ತದೆ, ಹಲವರಿಗೆ ಅದೇ ಕಂತನ್ನು ಕಟ್ಟುವ ದಾರಿಯೂ ಮುಚ್ಚುತ್ತದೆ.

ಸಾಲ ವಸೂಲಿಗೆ ಮಿತಿ ಇರಬೇಕೆಂಬ ತಿಳಿವಳಿಕೆ ನಮ್ಮ ಕಾನೂನಿಗೆ ಹೊಸದೇನಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮನ್ನು ಓದಿ ನೋಡಬೇಕು. ನ್ಯಾಯಾಲಯವೇ ಡಿಕ್ರಿ ಕೊಟ್ಟಿದ್ದರೂ ಸಾಲಗಾರರ ಮನೆಯ ಕೆಲವು ವಸ್ತುಗಳನ್ನು ಜಪ್ತಿ ಮಾಡುವಂತಿಲ್ಲ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧಾರ್ಮಿಕ ಪದ್ಧತಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಆಭರಣ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಲಕರಣೆ, ಬಿತ್ತನೆ ಬೀಜ. ಬ್ರಿಟಿಷರ ಕಾಲದ ಈ ಪಟ್ಟಿಯಲ್ಲಿ ವಿವೇಕವಿದೆ. ಬಡಗಿಯ ಉಳಿ ಕಿತ್ತುಕೊಂಡರೆ ಸಾಲ ತೀರುವುದಿಲ್ಲ, ಬಡಗಿ ಬೀದಿಗೆ ಬೀಳುತ್ತಾನೆ ಎಂದು ಅದನ್ನು ಬರೆದವರಿಗೆ ಗೊತ್ತಿತ್ತು. ಆ ಕಲಂ ಹಣದ ಡಿಕ್ರಿಯ ಜಪ್ತಿಗೆ ಸಂಬಂಧಿಸಿದ್ದು, ಸಾಲದಲ್ಲೇ ಕೊಂಡ ವಸ್ತುವಿಗೆ ಹಾಗೆಯೇ ಅನ್ವಯಿಸದು ಎಂದು ವಕೀಲರು ಹೇಳಬಹುದು, ಅದು ಸರಿ. ಆದರೆ ಅದರ ಹಿಂದಿನ ನ್ಯಾಯ ಇಂದು ಫೋನಿಗೆ ಒಪ್ಪುವಷ್ಟು ಬೇರೆ ಯಾವ ವಸ್ತುವಿಗೂ ಒಪ್ಪುವುದಿಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿದೋಷವುಳ್ಳವರು ಕೆವೈಸಿ ವಿಷಯದಲ್ಲಿ ತಂದಿದ್ದ ಅರ್ಜಿಗಳನ್ನು ತೀರ್ಮಾನಿಸುತ್ತ, ಡಿಜಿಟಲ್ ಸೇವೆಗಳು ಕೈಗೆಟುಕುವ ಹಕ್ಕು 21ನೇ ವಿಧಿಯ ಬದುಕಿನ ಹಕ್ಕಿನ ಭಾಗ ಎಂದಿತು. ಸರ್ಕಾರವೇ ನಿರಾಕರಿಸಲಾಗದ್ದನ್ನು ಕಂತು ತಪ್ಪಿತೆಂದು ಒಂದು ಕಂಪನಿ ನಿರಾಕರಿಸಬಹುದು ಎಂದರೆ ಹೇಗೆ ಒಪ್ಪುವುದು?

ದೊಡ್ಡ ಸಾಲಗಾರರಿಗೆ ಇರುವ ರಕ್ಷಣೆಯನ್ನೂ ಪಕ್ಕದಲ್ಲಿಟ್ಟು ನೋಡೋಣ. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಳ್ಳುವ ಮೊದಲು 60 ದಿನಗಳ ನೋಟಿಸ್ ಕೊಡಬೇಕು, ಸಾಲಗಾರರ ಆಕ್ಷೇಪಣೆಗೆ ಉತ್ತರ ಹೇಳಬೇಕು. ಒಂದು ಲಕ್ಷ ರೂಪಾಯಿ ಮೀರದ ಸಾಲಗಳಿಗೆ ಆ ಕಠಿಣ ಕಾಯ್ದೆಯನ್ನು ಬಳಸುವಂತೆಯೇ ಇಲ್ಲ. ವಾಹನ ಎಳೆದೊಯ್ಯಲು ಬ್ಯಾಂಕುಗಳು ಗೂಂಡಾಗಳನ್ನು ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಐಸಿಐಸಿಐ ಬ್ಯಾಂಕ್ ಮತ್ತು ಪ್ರಕಾಶ್ ಕೌರ್ ಪ್ರಕರಣದಲ್ಲಿ ಹೇಳಿದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಬಳಿಕ ಕರೆ ಮಾಡಕೂಡದು ಎಂದು ರಿಸರ್ವ್ ಬ್ಯಾಂಕೇ 2022ರಲ್ಲಿ ವಿಧಿಸಿದೆ. ಹೊತ್ತಲ್ಲದ ಹೊತ್ತಿನ ಕರೆಯೇ ಕಿರುಕುಳ ಎಂದ ಮೇಲೆ ಹಗಲಿರುಳೂ ಜೇಬಿನಲ್ಲಿ ಕುಳಿತ ಬೀಗ ಕಿರುಕುಳವಲ್ಲವೇ? ನಮ್ಮ ರಾಜ್ಯವಂತೂ ಇದರ ಬಿಸಿ ಕಂಡಿದೆ. ಮೈಕ್ರೋಫೈನಾನ್ಸ್ ವಸೂಲಿಯ ಕಾಟಕ್ಕೆ ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳ ಬೆನ್ನಿಗೇ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ಮನೆ ಮುಂದೆ ನಿಂತು ಬೆದರಿಸಿದರೆ ತಪ್ಪು, ಫೋನಿನೊಳಗೆ ಕುಳಿತು ಹಿಂಡಿದರೆ ಸರಿ ಎನ್ನುವುದು ನ್ಯಾಯವಲ್ಲ.

ಎದುರಿನ ವಾದಗಳಲ್ಲಿ ಗಟ್ಟಿಯಾದದ್ದು ಒಂದಿದೆ. ಬಡವರಿಗೆ ಅಡವಿಡಲು ಏನೂ ಇರುವುದಿಲ್ಲ. ಇಂಥ ಬೀಗವಿದ್ದರೆ ಧೈರ್ಯದಿಂದ ಸಾಲ ಕೊಡಬಹುದು, ಬಡ್ಡಿಯೂ ಇಳಿಯಬಹುದು ಎಂಬುದು ಆ ವಾದ. ಫೋನ್ ಸೇರಿದಂತೆ ಗೃಹೋಪಯೋಗಿ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಸಣ್ಣ ಸಾಲದಲ್ಲೇ ಮಾರಾಟವಾಗುತ್ತವೆ ಎಂದು ಹೋಮ್ ಕ್ರೆಡಿಟ್ ಕಂಪನಿಯ 2024ರ ಅಧ್ಯಯನ ಹೇಳಿದೆ. ಹಾಗಾಗಿ ಇದು ಲಕ್ಷಾಂತರ ಮನೆಗಳ ಮಾತು. ಪುರಾವೆಯೂ ಇದೆ. ಅರ್ಥಶಾಸ್ತ್ರಜ್ಞರಾದ ಪಾಲ್ ಗರ್ಟ್ಲರ್, ಬ್ರೆಟ್ ಗ್ರೀನ್, ಕ್ಯಾಥರೀನ್ ವುಲ್ಫ್ರಮ್ ಉಗಾಂಡಾದಲ್ಲಿ ಶಾಲಾ ಶುಲ್ಕದ ಸಾಲದ ಮೇಲೆ ಪ್ರಯೋಗ ನಡೆಸಿದರು. ಮನೆಯ ಸೌರ ದೀಪ ವ್ಯವಸ್ಥೆಯೇ ಆ ಸಾಲಕ್ಕೆ ಆಧಾರ. ಕಂತು ತಪ್ಪಿದರೆ ಅದು ದೂರದಿಂದಲೇ ಬಂದ್ ಆಗುತ್ತಿತ್ತು. ಸುಸ್ತಿ ಪ್ರಮಾಣ 19 ಶೇಕಡಾ ಅಂಶಗಳಷ್ಟು ತಗ್ಗಿತು, ಸಾಲ ಕೊಟ್ಟವರ ಆದಾಯದ ದರ 49 ಅಂಶಗಳಷ್ಟು ಏರಿತು, ಮಕ್ಕಳ ಶಾಲಾ ದಾಖಲಾತಿಯೂ ಹೆಚ್ಚಿತು. ಈ ಫಲಿತಾಂಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಬೀಗ ಬಿದ್ದದ್ದು ದೀಪಕ್ಕೆ. ಮನೆ ಕತ್ತಲಾದರೂ ಮರುದಿನ ದುಡಿಯಲು ಹೋಗಲು ಅಡ್ಡಿಯಿರಲಿಲ್ಲ, ಕಂತಿನ ಹಣವನ್ನು ಮೊಬೈಲ್ ಮೂಲಕ ಕಟ್ಟುವ ದಾರಿಯೂ ತೆರೆದೇ ಇತ್ತು. ನಮ್ಮಲ್ಲಿ ಮುಚ್ಚ ಹೊರಟಿರುವುದು ಆ ಮೊಬೈಲನ್ನೇ.

ಇನ್ನೊಂದು ಮಾತು ಒಪ್ಪಿಗೆಯದು: ಗ್ರಾಹಕರು ಸಹಿ ಹಾಕಿದ್ದಾರಲ್ಲ, ಮತ್ತೇನು? ಅಂಗಡಿಯ ಕೌಂಟರಿನಲ್ಲಿ ಹತ್ತಾರು ಪುಟದ ಕರಾರಿಗೆ ಒಂದು ಒಟಿಪಿ ಹೇಳುವುದನ್ನು ಒಪ್ಪಿಗೆ ಎನ್ನುವುದು ಕಷ್ಟ. ಬೇಡ ಎಂದರೆ ಸಾಲವೇ ಇಲ್ಲ ಎಂಬಲ್ಲಿ ಆಯ್ಕೆಯೂ ಇಲ್ಲ. ಕಡೇಪಕ್ಷ ಎಚ್ಚರಿಕೆ, ಗಡುವು, ತುರ್ತು ಬಳಕೆಯಂಥ ಷರತ್ತು ಹಾಕಿ ಬಿಡಬಹುದಲ್ಲ ಎನ್ನುವವರು ಅಮೆರಿಕದ ಕಾರುಗಳ ಅನುಭವ ನೋಡಬೇಕು. ಕಂತು ತಪ್ಪಿದವರ ಕಾರು ಚಾಲೂ ಆಗದಂತೆ ತಡೆಯುವ ಸಾಧನಗಳು ಅಲ್ಲಿ ಸುಮಾರು 20 ಲಕ್ಷ ವಾಹನಗಳಲ್ಲಿವೆ ಎಂದು 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಜ್ವರದ ಮಗುವನ್ನು ಆಸ್ಪತ್ರೆಗೆ ಒಯ್ಯಲಾಗದ ತಾಯಿಯ ಕಥೆ ಅದರಲ್ಲಿತ್ತು. ಕ್ಯಾಲಿಫೋರ್ನಿಯಾ ರಾಜ್ಯ ಅದಕ್ಕೂ ಮೊದಲೇ, 2012ರಲ್ಲಿ, ಸಾಲದ ಮೇಲೆ ಕಾರು ಮಾರುವ ವ್ಯಾಪಾರಿಗಳು ಮುನ್ಸೂಚನೆ ಕೊಡಬೇಕು, ತುರ್ತಿಗೆ 24 ಗಂಟೆ ವಾಹನ ಬಳಸಲು ಬಿಡಬೇಕು ಎಂದು ಕಾನೂನು ಮಾಡಿತ್ತು. ಕಾರು ನಿಂತರೆ ಬಸ್ಸು ಹತ್ತಬಹುದು. ಫೋನ್ ನಿಂತರೆ, ಮುನ್ಸೂಚನೆ ಬಂದಿರಲಿಲ್ಲ ಎಂದು ದೂರು ಕೊಡಲೂ ಇನ್ನೊಬ್ಬರ ಫೋನ್ ಕೇಳಬೇಕು. ಅದು ಇತ್ಯರ್ಥವಾಗುವ ಹೊತ್ತಿಗೆ ಎಷ್ಟು ದಿನದ ಕೂಲಿ ಹೋಗಿರುತ್ತದೆ?

ಸಂಚಾರ್ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲಿ ಮೊದಲೇ ಹಾಕಬೇಕೆಂಬ ಕೇಂದ್ರದ ಆದೇಶಕ್ಕೆ ವಿರೋಧ ಎದ್ದಾಗ 2025ರ ಡಿಸೆಂಬರ್ 3ರಂದು ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ನಮ್ಮ ಫೋನಿನಲ್ಲಿ ನಮ್ಮ ಮಾತು ನಡೆಯಬೇಕು ಎಂದು ಅಂದು ಕೇಳಿದ ದನಿ ಬಡ ಸಾಲಗಾರರ ಪರವಾಗಿಯೂ ಏಳಬೇಕು. ಸಾಲ ಕೊಟ್ಟವರಿಗೆ ದಾರಿಯಿಲ್ಲ ಎಂದಲ್ಲ. ಕ್ರೆಡಿಟ್ ಸ್ಕೋರ್ ಇಳಿಯುತ್ತದೆ, ದಂಡ ಶುಲ್ಕವಿದೆ, ನ್ಯಾಯಾಲಯವಿದೆ. ಎಲ್ಲಕ್ಕಿಂತ ಮೊದಲು, ತೀರಿಸಬಲ್ಲರೇ ಎಂದು ವಿಚಾರಿಸಿ ಕೊಡುವ ಹೊಣೆಯಿದೆ. ಆ ಹೊಣೆಯನ್ನು ಬೀಗದ ಮೇಲೆ ಹೊರಿಸಲು ಬಿಡಬಾರದು. ರಿಸರ್ವ್ ಬ್ಯಾಂಕ್ 2024ರ ತನ್ನ ಸೂಚನೆಯನ್ನೇ ಬರಹದ ನಿಯಮವನ್ನಾಗಿ ಮಾಡಲಿ. ಕಂತಿನಲ್ಲಿ ಫೋನ್ ಕೊಳ್ಳುವವರು, ಇದರಲ್ಲಿ ಲಾಕ್ ಆ್ಯಪ್ ಇದೆಯೇ, ಸಾಲ ತೀರಿದ ದಿನ ಅದನ್ನು ತೆಗೆಯುವವರು ಯಾರು ಎಂದು ಅಂಗಡಿಯಲ್ಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೊಡಲು ಒಪ್ಪದಿದ್ದರೆ ಅಲ್ಲಿ ಸಹಿ ಹಾಕಬೇಡಿ.