ನೀಲಿ ಚುಕ್ಕೆಯನ್ನೇ ನಂಬಿ ಬೆಟ್ಟ ಹತ್ತಬೇಡಿ

ಕುಮಾರ ಪರ್ವತದಿಂದ ಇಳಿಯುತ್ತಿದ್ದೆವು. ಮಳೆಗಾಲ ಆಗಷ್ಟೇ ಮುಗಿದಿತ್ತು. ಶೇಷಪರ್ವತ ದಾಟಿ ಹುಲ್ಲುಗಾವಲಿಗೆ ಬರುವಷ್ಟರಲ್ಲಿ ಮಂಜು ಕವಿದು, ಹತ್ತು ಹೆಜ್ಜೆ ಮುಂದಿದ್ದ ಗೆಳೆಯನ ಕೆಂಪು ಬ್ಯಾಗ್ ಕೂಡ ಕಾಣದಂತಾಯಿತು. ಮೊಬೈಲ್ ತೆಗೆದು ನೋಡಿದೆ. ನೆಟ್‌ವರ್ಕ್ ಇರಲಿಲ್ಲ. ನಾವಿರುವ ಜಾಗ ತೋರಿಸುವ ನೀಲಿ ಚುಕ್ಕೆ ಮಾತ್ರ ಪರದೆಯ ಮೇಲಿತ್ತು. ಅದರ ಸುತ್ತ ಬೆಟ್ಟವೂ ಇಲ್ಲ, ದಾರಿಯೂ ಇಲ್ಲ, ಬರೀ ಖಾಲಿ.

ಕಾಲುದಾರಿಯೊಂದು ಕೆಳಗಿಳಿಯುತ್ತಿತ್ತು. ‘ಇಳಿಯೋದು ತಾನೇ, ಇದೇ ಇರಬೇಕು ಬನ್ನಿ’ ಎಂದು ಮುಂದೆ ನಡೆದವನು ನಾನೇ. ಅರ್ಧ ಗಂಟೆ ಇಳಿದ ಮೇಲೆ ಸಿವಿಲ್ ಓದುವ ಗೆಳೆಯ ನಿಂತುಬಿಟ್ಟ. ‘ಮಗಾ, ಇದು ನಮ್ಮ ದಾರಿ ಅಲ್ಲ ಕಣೋ. ಪಕ್ಕದ ಏಣಿಗೆ ಬಂದುಬಿಟ್ಟಿದ್ದೀವಿ. ಮುಂದೆ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ ನೋಡು, ಕಡಿದಾದ ಇಳಿಜಾರು’ ಎಂದ. ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಕೊಂಡಿದ್ದ ಟೋಪೋ ನಕ್ಷೆ ಅವನ ಫೋನಿನಲ್ಲಿತ್ತು. ಸೋತ ಕಾಲುಗಳಲ್ಲೇ ವಾಪಸ್ ಮೇಲೆ ಹತ್ತಿ ಸರಿದಾರಿ ಹಿಡಿದೆವು. ಗಿರಿಗದ್ದೆಯ ಭಟ್ಟರ ಮನೆ ತಲುಪಿದಾಗ ಕತ್ತಲಾಗಿತ್ತು. ಸರ್ವೇ ಲ್ಯಾಬಿಗೆಂದು ಕೋಲು ಹೊತ್ತು ಬಿಸಿಲಲ್ಲಿ ನಿಲ್ಲುತ್ತಿದ್ದ ಇದೇ ಗೆಳೆಯನನ್ನು ಕಂಪ್ಯೂಟರ್ ಸೈನ್ಸಿನವರಾದ ನಾವು ಎಷ್ಟು ಗೇಲಿ ಮಾಡಿದ್ದೆವೋ ಲೆಕ್ಕವಿಲ್ಲ.

ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಚಾರಣಕ್ಕೆಂದು ಸಾವಿರಾರು ರೂಪಾಯಿಯ ಶೂ, ಬ್ಯಾಗ್ ಕೊಳ್ಳುವ ನಾವು ಮೊದಲು ಕಲಿಯಬೇಕಾದದ್ದು ನಕ್ಷೆ ಓದುವುದನ್ನು.

‘ಅದಕ್ಕೇ ಟ್ರ್ಯಾಕ್ ಫೈಲ್ ಇದೆಯಲ್ಲ’ ಎನ್ನುವವರಿದ್ದಾರೆ. ಯಾರೋ ನಡೆದ ದಾರಿಯ ದಾಖಲೆಯನ್ನು ಫೋನಿಗೆ ಹಾಕಿಕೊಂಡು ಆ ಗೆರೆಯ ಮೇಲೇ ನಡೆಯುವುದು ಸುಲಭ, ಉಪಯುಕ್ತ ಕೂಡ. ಆದರೆ ಅವರು ಎಲ್ಲಿ ನಡೆದರು ಎಂಬುದಷ್ಟೇ ಅದರಲ್ಲಿರುತ್ತದೆ. ಗೆರೆಯಿಂದ ಇಪ್ಪತ್ತು ಮೀಟರ್ ಪಕ್ಕಕ್ಕೆ ಸರಿದರೆ ಏನಿದೆ ಎಂದು ಅದು ಹೇಳುವುದಿಲ್ಲ. ದಾರಿ ತಪ್ಪಿದವನಿಗೆ ಬೇಕಾದದ್ದು ಸುತ್ತಲಿನ ನೆಲದ ರೂಪ.

ಆ ರೂಪವನ್ನು ಹೇಳುವುದು ಕಂಟೂರ್ ಗೆರೆಗಳು. ಹೈಸ್ಕೂಲಿನಲ್ಲಿ ‘ಸಮೋನ್ನತ ರೇಖೆ’ ಎಂದು ಎರಡು ಅಂಕಕ್ಕೆ ಬಾಯಿಪಾಠ ಮಾಡಿ ಮರೆತೆವಲ್ಲ, ಅವೇ. ಒಂದೇ ಎತ್ತರದಲ್ಲಿರುವ ಜಾಗಗಳನ್ನು ಜೋಡಿಸುವ ಗೆರೆಗಳವು. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ಟೋಪೋಶೀಟಿನಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಒಂದು ಗೆರೆಯಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ವ್ಯತ್ಯಾಸ. ಒಂದು ಸೆಂಟಿಮೀಟರಿನೊಳಗೆ ಹತ್ತು ಗೆರೆ ದಾಟಬೇಕಾಗಿ ಬಂದರೆ, ಅರ್ಧ ಕಿಲೋಮೀಟರ್ ನಡಿಗೆಯಲ್ಲಿ 200 ಮೀಟರ್ ಏರಬೇಕು ಎಂದರ್ಥ. ಗೆರೆಗಳು ದೂರ ದೂರವಿದ್ದರೆ ನಡಿಗೆ ಹಗುರ, ಒತ್ತಾಗಿದ್ದರೆ ಕಡಿದು. ಗೆರೆಗಳು ವಿ ಆಕಾರದಲ್ಲಿ ಬಾಗಿ, ಅದರ ಮೂತಿ ಎತ್ತರದ ಕಡೆಗಿದ್ದರೆ ಅದು ಹಳ್ಳ ಅಥವಾ ಕಣಿವೆ. ತಗ್ಗಿನ ಕಡೆಗಿದ್ದರೆ ಗುಡ್ಡದ ಏಣು.

ಇಷ್ಟು ತಿಳಿದಿದ್ದರೆ ನಾನು ಮಾಡಿದ ತಪ್ಪು ಏನೆಂದು ಅಂದೇ ಅರ್ಥವಾಗುತ್ತಿತ್ತು. ಬೆಟ್ಟ ಹತ್ತುವಾಗ ಏಣುಗಳೆಲ್ಲ ಒಂದಕ್ಕೊಂದು ಸೇರುತ್ತಾ ಶಿಖರಕ್ಕೆ ಹೋಗುತ್ತವೆ, ತಪ್ಪುವುದು ಕಷ್ಟ. ಇಳಿಯುವಾಗ ಅವೇ ಏಣುಗಳು ಕವಲೊಡೆಯುತ್ತವೆ. ಒಂದು ಕವಲು ತಪ್ಪಿದರೆ, ಹೆಜ್ಜೆ ಹೆಜ್ಜೆಗೂ ಸರಿದಾರಿಯಿಂದ ದೂರವಾಗುತ್ತೇವೆ. ಹತ್ತುವಾಗ ಸಲೀಸಾಗಿ ಬಂದೆವು ಎಂಬ ಧೈರ್ಯವೇ ಇಳಿಯುವಾಗ ಮೋಸ ಮಾಡುತ್ತದೆ. ‘ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿ, ಊರು ಸಿಗುತ್ತದೆ’ ಎಂಬ ಮಾತನ್ನೂ ಕೇಳಿರುತ್ತೀರಿ. ಪಶ್ಚಿಮಘಟ್ಟದಲ್ಲಿ ಹಳ್ಳ ಹಿಡಿದು ಇಳಿದರೆ ಊರಿಗಿಂತ ಮೊದಲು ಜಲಪಾತದ ನೆತ್ತಿ ಸಿಗಬಹುದು.

ನಮ್ಮ ಇನ್ನೊಂದು ತಪ್ಪು ಹೊತ್ತಿನ ಲೆಕ್ಕದ್ದು. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರ್. ಗಂಟೆಗೆ ಐದು ಕಿಲೋಮೀಟರ್ ಎಂದರೆ ಎರಡೂವರೆ ಗಂಟೆ, ಬೆಟ್ಟ ಅಂತ ಇನ್ನೊಂದು ಗಂಟೆ ಸೇರಿಸೋಣ ಎಂದು ಹೊರಟಿದ್ದೆವು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೊಂದು ಸರಳ ಸೂತ್ರ ಕೊಟ್ಟಿದ್ದಾರೆ. ಈಗಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಏರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಕುಮಾರ ಪರ್ವತದ ಎತ್ತರ 1,712 ಮೀಟರ್. ಬುಡದಿಂದ ಹೆಚ್ಚುಕಡಿಮೆ 1,600 ಮೀಟರ್ ಏರಬೇಕು. ಅಂದರೆ ಏರುವುದಕ್ಕೇ ಐದು ಗಂಟೆ ದಾಟುತ್ತದೆ. ವಿಶ್ರಾಂತಿ, ಬಿಸಿಲು, ಫೋಟೊ ಸೇರಿದರೆ ಏಳು ಗಂಟೆ. ನಕ್ಷೆಯ ಗೆರೆ ಎಣಿಸಿದ್ದರೆ ಮನೆಯಲ್ಲೇ ಗೊತ್ತಾಗುತ್ತಿದ್ದ ಸಂಗತಿಯನ್ನು ನಾವು ಮಂಜಿನಲ್ಲಿ ನಿಂತು ಕಲಿತೆವು.

ಒಂದು ಕಾಲದಲ್ಲಿ ಟೋಪೋಶೀಟ್ ಸಿಗುವುದೇ ಕಷ್ಟವಿತ್ತಂತೆ. 2005ರ ರಾಷ್ಟ್ರೀಯ ನಕ್ಷೆ ನೀತಿ ಸಾರ್ವಜನಿಕರಿಗೆಂದೇ ‘ಓಪನ್ ಸೀರೀಸ್’ ನಕ್ಷೆಗಳಿಗೆ ದಾರಿ ಮಾಡಿತು. 2021ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ಇನ್ನಷ್ಟು ಸಡಿಲಿಸಿತು. ಈಗ ಸರ್ವೇ ಆಫ್ ಇಂಡಿಯಾದ ಜಾಲತಾಣದಲ್ಲೇ ನಕ್ಷೆ ಪಡೆಯಬಹುದು. ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಉಚಿತ ಆ್ಯಪ್‌ಗಳು ಕಂಟೂರ್ ಗೆರೆಗಳನ್ನು ನೆಟ್ ಇಲ್ಲದೆಯೂ ತೋರಿಸುತ್ತವೆ. ಜಿಪಿಎಸ್‌ಗೆ ಸಿಮ್ ನೆಟ್‌ವರ್ಕ್ ಬೇಕಿಲ್ಲ, ಉಪಗ್ರಹದ ಸಂಕೇತ ಸಾಕು. ಫ್ಲೈಟ್ ಮೋಡ್‌ನಲ್ಲಿಟ್ಟರೂ ಬಹುತೇಕ ಫೋನ್‌ಗಳಲ್ಲಿ ಅದು ಕೆಲಸ ಮಾಡುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ನಕ್ಷೆಯನ್ನು ಮಾತ್ರ ಮನೆಯಲ್ಲೇ ಇಳಿಸಿಕೊಂಡಿರಬೇಕು.

ಹಾಗಂತ ಡಿಜಿಟಲ್ ನಕ್ಷೆಯನ್ನು ಕಣ್ಣುಮುಚ್ಚಿ ನಂಬಬೇಕೆಂದು ಹೇಳುತ್ತಿಲ್ಲ. ಹಲವು ಆ್ಯಪ್‌ಗಳ ಗೆರೆಗಳಿಗೆ ಆಧಾರ 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್ ಬಳಸಿ ಅಳೆದ ಮಾಹಿತಿ. ಅದರಲ್ಲಿ ಸುಮಾರು 30 ಮೀಟರಿಗೊಂದು ಎತ್ತರದ ಅಂಕಿ ಇರುತ್ತದೆ. ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲವನ್ನಷ್ಟೇ ಅಲ್ಲ, ಮರಗಳ ಎತ್ತರವನ್ನೂ ಸ್ವಲ್ಪ ಸೇರಿಸಿಕೊಂಡಿರುತ್ತದೆ. ಹದಿನೈದು ಮೀಟರಿನ ಬಂಡೆ ಎರಡು ಗೆರೆಗಳ ನಡುವೆ ಕಾಣದೇ ಉಳಿಯಬಹುದು. ನಮ್ಮನ್ನು ಬೀಳಿಸಲು ಹದಿನೈದು ಮೀಟರ್ ಧಾರಾಳವಾಗಿ ಸಾಕು. ಆದ್ದರಿಂದ ನಕ್ಷೆ ನೋಡಿದ ಮೇಲೂ ಕಣ್ಣು ತೆರೆದಿರಬೇಕು, ಊರಿನವರನ್ನು ಕೇಳಬೇಕು. ನಕ್ಷೆಯಲ್ಲಿ ದಾರಿ ಇದೆ ಎಂದ ಮಾತ್ರಕ್ಕೆ ಹೋಗಲು ಅನುಮತಿ ಇದೆ ಎಂದೂ ಅಲ್ಲ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಕಿರಿಕಿರಿ ಎನಿಸಿದರೂ, ಬೆಟ್ಟದ ಮೇಲೆ ಯಾರಿದ್ದಾರೆ ಎಂದು ಕೆಳಗೆ ಒಬ್ಬರಿಗಾದರೂ ಗೊತ್ತಿರುತ್ತದೆ.

ಕಾಲೇಜುಗಳ ಚಾರಣ ತಂಡಗಳಿಗೆ ನನ್ನದೊಂದು ಮನವಿ. ಹೊರಡುವ ಮುಂಚಿನ ಒಂದು ಸಂಜೆಯನ್ನು ನಕ್ಷೆಗೆ ಕೊಡಿ. ಕ್ಯಾಂಪಸ್ಸಿನಲ್ಲೇ ಸಿವಿಲ್ ವಿಭಾಗವಿದ್ದರೆ ಆ ಗೆಳೆಯರನ್ನು ಕರೆದು ಕೂರಿಸಿಕೊಳ್ಳಿ. ಎಲ್ಲಿ ಏಣು ಕವಲೊಡೆಯುತ್ತದೆ, ಎಲ್ಲಿ ನೀರು, ಎಷ್ಟು ಗಂಟೆಗೆ ಶಿಖರ ಮುಟ್ಟದಿದ್ದರೆ ಹಿಂದಿರುಗಬೇಕು ಎಂದು ಗುರುತು ಹಾಕಿ. ಒಬ್ಬರಲ್ಲ, ಕನಿಷ್ಠ ಮೂವರ ಫೋನಿನಲ್ಲಿ ನಕ್ಷೆ ಇರಲಿ, ಒಂದು ಪ್ರಿಂಟ್ ಜೇಬಿನಲ್ಲಿರಲಿ. ಹೋಗುವ ದಾರಿ ಯಾವುದೆಂದು ಮನೆಯಲ್ಲೂ ಹೇಳಿ.

ಈ ಸಲ ಅಮ್ಮನಿಗೆ ನಕ್ಷೆ ತೋರಿಸಿ ದಾರಿ ವಿವರಿಸಿದೆ. ಗೆರೆಗಳು ಒತ್ತಾಗಿದ್ದ ಕಡೆ ಬೆರಳಿಟ್ಟು, ‘ಇಲ್ಲಿಗೆ ಹೋಗಲ್ಲ ತಾನೇ?’ ಎಂದು ಕೇಳಿದರು. ಅಮ್ಮ ಐದೇ ನಿಮಿಷದಲ್ಲಿ ಕಲಿತರು. ನಾವೂ ಕಲಿಯಬಹುದು.