ಮೋಟಾರ್ ಸೈಕಲ್ ಬಿಡಿಭಾಗಗಳು: ವದಂತಿಯ ದಾಸ್ತಾನು, ಮಳೆಯ ದಾಸ್ತಾನು

ಗಡಿಯಲ್ಲಿ ಬಂದ್ ಕರೆ ನೀಡಲಾಗಿದೆ, ಲಾರಿ ಮಾಲೀಕರು ಮುಷ್ಕರದ ನೋಟೀಸು ಕೊಟ್ಟಿದ್ದಾರೆ, ಕೊಲ್ಲಾಪುರದ ಬಳಿ ಪಂಚಗಂಗೆ ಏರುತ್ತಿದೆ ಎಂಬ ಸುದ್ದಿಗಳಲ್ಲಿ ಯಾವುದೊಂದು ಹರಡಿದರೂ ಸಾಕು, ಬೆಳಗಾವಿ ನಗರದ ಮೋಟಾರ್ ಸೈಕಲ್ ಬಿಡಿಭಾಗಗಳ ಸಗಟು ಅಂಗಡಿಗಳಲ್ಲಿ ದೂರವಾಣಿಗೆ ಬಿಡುವಿರುವುದಿಲ್ಲ. ನಗರದ ದೊಡ್ಡ ಚಿಲ್ಲರೆ ವ್ಯಾಪಾರಿಗಳು ಚೈನ್ ಸ್ಪ್ರಾಕೆಟ್ ಸೆಟ್ಟು, ಬ್ರೇಕ್ ಶೂ, ಕ್ಲಚ್ ಪ್ಲೇಟುಗಳನ್ನು ತಿಂಗಳುಗಟ್ಟಲೆ ಸಾಲುವಷ್ಟು ಒಮ್ಮೆಗೇ ಎತ್ತುತ್ತಾರೆ. ಮಾರನೆಯ ದಿನ ಖಾನಾಪುರದಿಂದ ಬೆಳಗಿನ ಬಸ್ಸು ಹಿಡಿದು ಬಂದ ಸಣ್ಣ ಗ್ಯಾರೇಜಿನವನಿಗೆ ಖಾಲಿ ಕಪಾಟು ಎದುರಾಗುತ್ತದೆ. ಇಲ್ಲವೆ ಹೆಸರು ಕೇಳಿರದ ತಯಾರಕರ ಪೊಟ್ಟಣ ಕೈಗೆ ಬರುತ್ತದೆ.

ಹೀಗೆ ಕೊಳ್ಳುವವರನ್ನು ದೂಷಿಸುವುದು ನ್ಯಾಯವಲ್ಲ. ಅವರ ಭಯಕ್ಕೆ ಆಧಾರವಿದೆ. 2018ರ ಜುಲೈನಲ್ಲಿ ರಾಷ್ಟ್ರವ್ಯಾಪಿ ಲಾರಿ ಮುಷ್ಕರ ಒಂದು ವಾರಕ್ಕೂ ಮೀರಿ ನಡೆಯಿತು. 2019ರ ಆಗಸ್ಟ್ ಹಾಗೂ 2021ರ ಜುಲೈ ತಿಂಗಳುಗಳ ಮಹಾಪೂರದಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಕೊಲ್ಲಾಪುರದ ಬಳಿ ಹಲವು ದಿನ ಮುಳುಗಿತ್ತು. 2020ರ ಲಾಕ್‌ಡೌನ್ ಕಾಲದಲ್ಲಿ ಏಪ್ರಿಲ್ 20ರಿಂದ ಮೋಟಾರು ಮೆಕ್ಯಾನಿಕ್‌ಗಳಿಗೆ ಕೆಲಸದ ಅನುಮತಿ ದೊರೆಯಿತಾದರೂ ದ್ವಿಚಕ್ರ ವಾಹನ ಕಾರ್ಖಾನೆಗಳು ಆಗಿನ್ನೂ ಬಹುತೇಕ ಮುಚ್ಚಿದ್ದವು. ಕೈಗೆ ಪರವಾನಗಿ ಇತ್ತು, ಕೈಯಲ್ಲಿ ಸಾಮಾನು ಇರಲಿಲ್ಲ. 2022ರ ಡಿಸೆಂಬರ್ 6ರಂದು ಹಿರೇಬಾಗೇವಾಡಿ ಟೋಲ್ ನಾಕಾದ ಬಳಿ ಮಹಾರಾಷ್ಟ್ರ ನೋಂದಣಿಯ ಲಾರಿಗಳ ಮೇಲೆ ಕಲ್ಲು ತೂರಲಾಯಿತು. 2025ರ ಫೆಬ್ರುವರಿಯಲ್ಲಿ ಬಾಳೇಕುಂದ್ರಿಯಲ್ಲಿ ಬಸ್ ನಿರ್ವಾಹಕರೊಬ್ಬರ ಮೇಲೆ ಹಲ್ಲೆ ನಡೆದ ಬಳಿಕ ಎರಡು ರಾಜ್ಯಗಳ ನಡುವಣ ಬಸ್ ಸಂಚಾರ ಏರುಪೇರಾಯಿತು. ಮಾರ್ಚ್ 22ರಂದು ಕರ್ನಾಟಕ ಬಂದ್ ನಡೆಯಿತು. ಬಸ್ಸು ನಿಂತರೆ ಪ್ರಯಾಣಿಕರಿಗೆ ಮಾತ್ರ ತೊಂದರೆ ಎಂದು ಹೊರಗಿನವರು ತಿಳಿಯುತ್ತಾರೆ. ತುರ್ತಾಗಿ ಬೇಕಾದ ಸಣ್ಣ ಬಿಡಿಭಾಗ ಬರುವುದೇ ಬಸ್ಸಿನ ಪಾರ್ಸೆಲ್ಲಿನಲ್ಲಿ ಎಂಬುದನ್ನು ಈ ಧಂದೆಯಲ್ಲಿರುವವರು ಬಲ್ಲರು.

ಆದರೆ ಈ ಪಟ್ಟಿಯಲ್ಲಿರುವ ಮುಷ್ಕರ, ಬಂದ್‌ಗಳಿಗೆ ಒಂದು ಸಮಾನ ಲಕ್ಷಣವಿದೆ. ಅವು ಎಂದು ಬರುತ್ತವೆ ಎಂಬುದು ಮೊದಲೇ ತಿಳಿಯುವುದಿಲ್ಲ. ಬಂದರೆ ಬಹುಮಟ್ಟಿಗೆ ದಿನಗಳ ಲೆಕ್ಕದಲ್ಲಿ ಮುಗಿಯುತ್ತವೆ. ಖಾನಾಪುರ ತಾಲೂಕಿಗೆ ಪ್ರತಿವರ್ಷವೂ ತಪ್ಪದೆ ಬರುವ, ತಿಂಗಳುಗಳ ಲೆಕ್ಕದಲ್ಲಿ ನಿಲ್ಲುವ ಅಡಚಣೆ ಬೇರೆಯೇ ಇದೆ. ಅದು ಮುಂಗಾರು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆ ಹಿಡಿದರೆ ಜಾಂಬೋಟಿಯಿಂದಾಚೆಗೆ ಚೋರ್ಲಾ ಘಟ್ಟದ ದಾರಿಯೂ, ಲೋಂಡಾದಿಂದಾಚೆಗೆ ಅನಮೋಡ ಘಟ್ಟದ ದಾರಿಯೂ ಕುಸಿತ, ಗುಂಡಿ, ಭಾರೀ ವಾಹನಗಳ ನಿರ್ಬಂಧಗಳ ನಡುವೆ ಸಿಲುಕುತ್ತವೆ. ಭೀಮಗಡ ಅರಣ್ಯದ ಗವಳಿ, ಕೊಂಗಳಾ, ಆಮಗಾಂವದಂಥ ಊರುಗಳಿಗೆ ಆ ದಿನಗಳಲ್ಲಿ ನಾಲ್ಕು ಚಕ್ರದ ಮಾತೇ ಇಲ್ಲ. ಎರಡು ಚಕ್ರವಾದರೂ ಹೋಗುವಷ್ಟು ದೂರ ಹೋದರೆ ಪುಣ್ಯ. ಹಾಲಿನ ಕ್ಯಾನು, ಶಾಲೆಯ ಶಿಕ್ಷಕ, ಆರೋಗ್ಯ ಕಾರ್ಯಕರ್ತೆ, ಪಡಿತರದ ಚೀಲ ಎಲ್ಲವೂ ಮೋಟಾರ್ ಸೈಕಲ್ಲಿನ ಮೇಲೆಯೇ ಸಾಗಬೇಕು. ಹೆಚ್ಚು ಸವೆಯುವ ಕಾಲವೂ ಅದೇ. ಕೆಂಪು ರಾಡಿ ಚೈನಿನ ಗ್ರೀಸನ್ನು ತಿಂದುಹಾಕುತ್ತದೆ, ಡ್ರಮ್ಮಿನೊಳಗೆ ನೀರು ನುಗ್ಗಿ ಬ್ರೇಕ್ ಶೂ ಸವೆಯುತ್ತದೆ, ಕೇಬಲ್ಲು ತುಕ್ಕು ಹಿಡಿದು ತುಂಡಾಗುತ್ತದೆ, ಚಕ್ರದ ಬೇರಿಂಗು ಸದ್ದು ಮಾಡತೊಡಗುತ್ತದೆ.

ಮಳೆಗಾಗಿ ಮೇ ತಿಂಗಳಲ್ಲಿ ಯೋಚಿಸಿ ತುಂಬಿದ ಕಪಾಟು ಜುಲೈನ ಮುಷ್ಕರಕ್ಕೂ ಆಗಸ್ಟಿನ ಮಹಾಪೂರಕ್ಕೂ ಒದಗುತ್ತದೆ. ವದಂತಿ ಕೇಳಿ ತುಂಬಿದ ಕಪಾಟು ಅನೇಕ ವೇಳೆ ಯಾವುದಕ್ಕೂ ಒದಗುವುದಿಲ್ಲ, ಏಕೆಂದರೆ ಆತುರದಲ್ಲಿ ಕೊಂಡದ್ದು ಸಿಕ್ಕಿದ್ದೇ ಹೊರತು ಬೇಕಾದದ್ದಲ್ಲ.

ಬೇಕಾದದ್ದು ಯಾವುದು ಎಂಬುದು ಸ್ವಲ್ಪ ವಿವರವಾಗಿ ನೋಡತಕ್ಕ ವಿಷಯ. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಜಾರಿಗೆ ಬಂದ ಮೇಲೆ ಹೊಸ ವಾಹನಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಇಂಧನ ಇಂಜೆಕ್ಷನ್ ವ್ಯವಸ್ಥೆ ಬಂದಿತು. ಹಳ್ಳಿಗಳಲ್ಲಿ ಹಳೆಯ ಗಾಡಿಗಳೂ ಓಡುತ್ತಿವೆ, ಹೊಸವೂ ಬಂದಿವೆ. ಇಂಧನ ಪಂಪು, ಸೆನ್ಸರುಗಳು ದುಬಾರಿ; ಒಂದೊಂದು ಮಾದರಿಗೆ ಒಂದೊಂದು ಬಗೆ. ಅವನ್ನು ಖಾನಾಪುರದ ಸಣ್ಣ ಅಂಗಡಿ ಇಟ್ಟುಕೊಳ್ಳುವುದು ಹಣವನ್ನು ಹೂತಿಟ್ಟಂತೆ. ಅವು ನಗರದ ಸಗಟು ಅಂಗಡಿಯಲ್ಲಿ ಒಂದೆರಡಿದ್ದರೆ ಸಾಕು. ಗ್ಯಾರೇಜಿನಲ್ಲಿ ಇರಬೇಕಾದವು ಕೇಬಲ್ಲು, ಬ್ರೇಕ್ ಶೂ, ಚೈನ್ ಸೆಟ್ಟು, ಪ್ಲಗ್ಗು, ಟ್ಯೂಬು, ಬಲ್ಬು, ಆಯಿಲ್ ಸೀಲು, ಏರ್ ಫಿಲ್ಟರು. ಬೇರಿಂಗಿನ ವಿಷಯದಲ್ಲಿ ಇನ್ನೂ ಅನುಕೂಲವಿದೆ. 6202, 6301 ಮೊದಲಾದ ಸಂಖ್ಯೆಗಳು ಅಂತರರಾಷ್ಟ್ರೀಯ ಅಳತೆಯವು. ಗಾಡಿಯ ಹೆಸರು ನೋಡದೆ ಸಂಖ್ಯೆ ನೋಡಿ ತಂದರೆ ಒಂದೇ ಡಬ್ಬಿ ಹಲವು ಮಾದರಿಗಳಿಗೆ ಹೊಂದುತ್ತದೆ.

ಇಟ್ಟ ಸಾಮಾನು ಇಟ್ಟಂತೆ ಉಳಿಯುವುದೂ ಇಲ್ಲ. ಟೈರಿನ ಬದಿಯ ನಾಲ್ಕಂಕಿಯ ಗುರುತು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತದೆ. 2324 ಎಂದಿದ್ದರೆ ಅದು 2024ರ 23ನೆಯ ವಾರದ್ದು. ಕೊಳ್ಳುವಾಗ ಇದನ್ನು ಓದುವ ಅಭ್ಯಾಸ ಇನ್ನೂ ವ್ಯಾಪಕವಾಗಿಲ್ಲ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆಯಾದ್ದರಿಂದ ಮುಚ್ಚಳ ತೆರೆದ ಡಬ್ಬಿಯನ್ನು ಮುಂದಿನ ಮಳೆಗಾಲಕ್ಕೆಂದು ಎತ್ತಿಡುವುದು ಅಪಾಯಕರ. ತುಂಬಿದ ಬ್ಯಾಟರಿ ಕಪಾಟಿನಲ್ಲಿಯೇ ಶಕ್ತಿ ಕಳೆದುಕೊಳ್ಳುತ್ತದೆ. ಆಮ್ಲ ತುಂಬದ ಒಣ ಬ್ಯಾಟರಿಯನ್ನು ಇಟ್ಟು ಮಾರುವ ದಿನ ತುಂಬಿಕೊಡುವುದು ಮೇಲು. ಗೋಡೆಗಳು ಬೆವರುವ ಖಾನಾಪುರದ ಜುಲೈ ತಿಂಗಳಲ್ಲಿ ಬ್ರೇಕ್ ಶೂಗಳ ಪೊಟ್ಟಣ ನೆಲದ ಮೇಲಿರಬಾರದು.

ದಾಸ್ತಾನಿನಿಂದ ಬೆಲೆಯ ಲಾಭ ದೊರೆಯುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಇದು ತಪ್ಪು ಲೆಕ್ಕ. ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಪಡೆಯುವುದೂ ಕಾನೂನುಬಾಹಿರ. ಕೊರತೆಯ ಕಾಲದಲ್ಲಿ ದೊರೆಯುವುದು ಮಾರಾಟವೇ ಹೊರತು ಹೆಚ್ಚಿನ ದರವಲ್ಲ. ನಷ್ಟವಾದರೋ ಒಂದೇ ರಾತ್ರಿಯಲ್ಲಿ ಆಗಬಹುದು. 2025ರ ಸೆಪ್ಟೆಂಬರ್ 22ರಂದು ಮೋಟಾರ್ ಸೈಕಲ್ಲಿನ ಬಹುತೇಕ ಬಿಡಿಭಾಗಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಗ್ರಾಹಕರಿಗೆ ಇದು ಸಂತೋಷದ ಸಂಗತಿಯೇ. ಸಾಮಾನ್ಯ ನೋಂದಣಿಯ ವ್ಯಾಪಾರಿಗೆ ಹಿಂದೆ ಕಟ್ಟಿದ ತೆರಿಗೆ ಜಮೆಯಾಗಿ ಲೆಕ್ಕದಲ್ಲಿ ಉಳಿಯಿತು; ಹಣ ಸಿಲುಕಿದರೂ ಮುಳುಗಲಿಲ್ಲ. ಆದರೆ ರಾಜಿ ತೆರಿಗೆ ಯೋಜನೆಯಲ್ಲಿರುವ ಸಣ್ಣ ಅಂಗಡಿಗೆ ಹೂಡುವಳಿ ತೆರಿಗೆಯ ಜಮೆಯೇ ಇಲ್ಲ. ಅವನು ತೆರಿಗೆ ಸೇರಿ 128 ರೂಪಾಯಿಗೆ ತಂದಿಟ್ಟ ಸರಕು ಮರುದಿನ ಸಗಟು ಅಂಗಡಿಯಲ್ಲಿ 118ಕ್ಕೆ ಸಿಗತೊಡಗಿತು. ಹೆಚ್ಚು ತುಂಬಿಟ್ಟವನು ಹೆಚ್ಚು ಕಳೆದುಕೊಂಡನು.

ಇದರಿಂದ ದಾಸ್ತಾನೇ ಬೇಡವೆಂದು ತೀರ್ಮಾನಿಸುವುದು ಸಲ್ಲದು. ಪ್ರಶ್ನೆ ಇರುವುದು ಭಾರವನ್ನು ಹೊರುವವರು ಯಾರು ಎಂಬಲ್ಲಿ. ಎರಡು ಲಕ್ಷ ರೂಪಾಯಿಯ ಸರಕನ್ನು ಮೂರು ತಿಂಗಳು ಇಟ್ಟುಕೊಂಡರೆ ಶೇಕಡಾ 12ರ ಬಡ್ಡಿಯಂತೆ 6,000 ರೂಪಾಯಿ. ನಗರದ ಸಗಟು ವ್ಯಾಪಾರಿಗೆ ಇದು ಹೊರಲಾರದ ಭಾರವಲ್ಲ. ಖಾನಾಪುರ, ನಂದಗಡ, ಜಾಂಬೋಟಿಗಳ ಗ್ಯಾರೇಜಿನವನಿಗೆ ಎರಡು ಲಕ್ಷ ಕೈಯಲ್ಲಿರುವುದೇ ಅಪರೂಪ. ಈಗಿನ ಪದ್ಧತಿಯಲ್ಲಿ ಉದ್ದರಿ ದೊರೆಯುವುದು ದೊಡ್ಡ ಗಿರಾಕಿಗೆ, ಸಣ್ಣವನಿಗೆ ರೋಖು. ಅಡಚಣೆ ನಿರೀಕ್ಷಿತವಾದ ದಿನಗಳಲ್ಲಂತೂ ಈ ಭೇದ ಇನ್ನಷ್ಟು ಬಿಗಿಯಾಗುತ್ತದೆ. 26 ಕಿಲೋಮೀಟರ್ ದೂರದ ತಾಲೂಕಿನ ಪೇಟೆಯೊಂದು ಬೆಳಗಾವಿಯನ್ನೇ ನಂಬಿರುವಾಗ ಇದು ವ್ಯಾಪಾರಬುದ್ಧಿಯೂ ಅಲ್ಲ.

ಮೇ ತಿಂಗಳ ಆರಂಭದಲ್ಲಿ ಸರಕು ಕೊಟ್ಟು ಹಣವನ್ನು ಅಕ್ಟೋಬರ್ ಮಧ್ಯದವರೆಗೆ ಮೂರು ಕಂತಿನಲ್ಲಿ ಪಡೆಯುವ, ಪೊಟ್ಟಣ ಒಡೆಯದ ಸರಕನ್ನು ಕ್ರೆಡಿಟ್ ನೋಟ್ ಮೂಲಕ ಹಿಂಪಡೆಯುವ ಏರ್ಪಾಡು ಅಸಾಧ್ಯವೇನಲ್ಲ. ಜಿ.ಎಸ್.ಟಿ. ಕಾನೂನಿನಂತೆ ಖರೀದಿದಾರ 180 ದಿನಗಳೊಳಗೆ ಹಣ ಪಾವತಿಸದಿದ್ದರೆ ಪಡೆದ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಈ ಅವಧಿ ಆ ಮಿತಿಯೊಳಗೇ ಇದೆ. ಸಗಟು ವ್ಯಾಪಾರಿಗೂ ಕಂಪನಿಗಳಿಂದ ಉದಾರವಾದ ಉದ್ದರಿ ಇಲ್ಲವೆಂಬ ಆಕ್ಷೇಪ ನಿಜ. 2021ರ ಜುಲೈನಿಂದ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳು ಉದ್ಯಮ್ ನೋಂದಣಿ ಪಡೆದು ಆದ್ಯತಾ ವಲಯದ ಸಾಲಕ್ಕೆ ಅರ್ಹರಾಗಿದ್ದಾರೆ. ಆರು ತಿಂಗಳ ಮಳೆಗಾಲದ ಸಾಲವೊಂದನ್ನು ಬ್ಯಾಂಕುಗಳ ಮುಂದಿಡುವುದು ವಾಣಿಜ್ಯ ಸಂಘಟನೆಗಳಿಗೆ ತಕ್ಕ ಕೆಲಸ.

ಸರಕಿನ ಮೂಲವೂ ಒಂದೇ ದಿಕ್ಕಿನಲ್ಲಿರಬಾರದು. ಚಾಕಣದ ಸರಕು ನಿಪ್ಪಾಣಿಯ ದಾರಿಯಲ್ಲಿ, ಹೊಸೂರಿನ ಸರಕು ಹುಬ್ಬಳ್ಳಿಯ ದಾರಿಯಲ್ಲಿ ಬರುತ್ತದೆ. ಕೇಬಲ್ಲು, ಚೈನು, ಸೀಲುಗಳಂಥ ಸಾಮಾನ್ಯ ಭಾಗಗಳಿಗೆ ಹುಬ್ಬಳ್ಳಿಯಲ್ಲಿ ಒಂದು ಖಾತೆ ಇಟ್ಟುಕೊಂಡವನು ಪಂಚಗಂಗೆ ಏರಿದಾಗ ಕೈಕಟ್ಟಿ ಕೂರಬೇಕಾಗಿಲ್ಲ. ಉದ್ಯಮಬಾಗದ ಫೌಂಡ್ರಿಗಳಲ್ಲಿ ವಾಹನೋದ್ಯಮಕ್ಕಾಗಿ ಎರಕ ಹೊಯ್ಯುವ ಊರು ಒಂದು ಕ್ಲಚ್ ಕೇಬಲ್ಲಿಗಾಗಿ ಪುಣೆಯ ಲಾರಿಯ ದಾರಿ ಕಾಯುವುದು ಸೋಜಿಗವೇ ಸರಿ. ಅದು ಬೇರೊಂದು ಲೇಖನದ ವಸ್ತು.

ಕೊನೆಗೆ ಉಳಿಯುವುದು ನಕಲಿ ಮಾಲಿನ ಪ್ರಶ್ನೆ. ಅಸಲಿ ಪೊಟ್ಟಣ ಕಪಾಟಿನಲ್ಲಿದ್ದಾಗ ನಕಲಿಗೆ ಗಿರಾಕಿ ಕಡಿಮೆ; ಕಪಾಟು ಖಾಲಿಯಾದ ವಾರವೇ ಅದರ ಸುಗ್ಗಿ. ಲೈನಿಂಗ್ ಕಿತ್ತುಬರುವ ಬ್ರೇಕ್ ಶೂ ಹಾಕಿಕೊಂಡು ಚೋರ್ಲಾ ಘಟ್ಟ ಇಳಿಯುವವನಿಗೆ, ಅದು ಬೆಳಗಾವಿಯಲ್ಲಿ ಯಾರೋ ಅವಸರದಲ್ಲಿ ಎರಡು ಪೆಟ್ಟಿಗೆ ಹೆಚ್ಚು ಎತ್ತಿದ್ದರಿಂದ ತನ್ನ ಪಾಲಿಗೆ ಬಂದದ್ದು ಎಂದು ತಿಳಿಯುವ ಬಗೆಯಿಲ್ಲ. ಏಪ್ರಿಲ್ ತಿಂಗಳಲ್ಲಿಯೇ ನಗರದ ಸಗಟು ವ್ಯಾಪಾರಿಗಳೂ ಖಾನಾಪುರ ತಾಲೂಕಿನ ಗ್ಯಾರೇಜಿನವರೂ ಒಂದು ದಿನ ಕುಳಿತು, ಹಿಂದಿನ ಮಳೆಗಾಲದ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಯಾವ ಊರಿಗೆ ಯಾವ ಭಾಗ ಎಷ್ಟು ಬೇಕೆಂದು ಬರೆದುಕೊಂಡರೆ ಆ ಎರಡು ಪೆಟ್ಟಿಗೆಗಳು ಜಾಂಬೋಟಿಯ ಗ್ಯಾರೇಜಿನಲ್ಲಿಯೇ ಇರುತ್ತವೆ.